ಪ್ಯಾರಾವ್ಯೂನಲ್ಲಿ ಎರಡು ಸಿಮ್ಯುಲೇಷನ್ ಕಳೆದರೆ ಕೌದಿ ಥರ ಬರ್ತಿದೆ, ಎಲ್ಲಿ ಎಡವಿದೆ?

ಕಿರುಸುಳಿ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಎರಡನೇ ವರ್ಷ, ಥರ್ಮಲ್. ಮೂರು ದಿನದಿಂದ ಒಂದೇ ಚಿತ್ರದ ಮುಂದೆ ಕೂತಿದ್ದೀನಿ. ಗುರುವಾರ ಗೈಡ್‌ಗೆ ತೋರಿಸಬೇಕು.

ಕೇಸು ದೊಡ್ಡದೇನಲ್ಲ, ಹರಿವಿನ ಲೆಕ್ಕ ಹಾಕೋ ಓಪನ್‌ಫೋಮ್ ಸಾಫ್ಟ್‌ವೇರ್ ಜೊತೆಗೇ ಬರೋ ಪಿಟ್ಜ್‌ಡೈಲಿ ಟ್ಯುಟೋರಿಯಲ್. ಗೊತ್ತಿಲ್ಲದವರಿಗೆ ಹೇಳ್ತೀನಿ: ಒಂದು ಕಾಲುವೆ, ಅದರ ನೆಲ ಒಂದು ಕಡೆ ಇದ್ದಕ್ಕಿದ್ದಂತೆ 25.4 ಮಿ.ಮೀ. ಕೆಳಗಿಳಿಯುತ್ತೆ. ಎಡಗಡೆಯಿಂದ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಗಾಳಿ ಬರುತ್ತೆ. ಮೆಟ್ಟಿಲಿನ ಹಿಂದೆ ಸುಳಿ ಹುಟ್ಟುತ್ತೆ, ಒಂದಷ್ಟು ದೂರ ಹೋದ ಮೇಲೆ ಹರಿವು ಮತ್ತೆ ನೆಲಕ್ಕೆ ಅಂಟಿಕೊಳ್ಳುತ್ತೆ. ಪಿಟ್ಜ್ ಮತ್ತು ಡೈಲಿ 1983ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದ ಹೆಸರು.

ಅದರ ಸಿಂಪಲ್‌ಫೋಮ್ ಸಾಲ್ವರ್‌ನಲ್ಲಿ ಮೊದಲು ಕೆ-ಎಪ್ಸಿಲಾನ್ ಅನ್ನೋ ಟರ್ಬುಲೆನ್ಸ್ ಮಾಡೆಲ್ ಓಡಿಸಿದೆ, ಆಮೇಲೆ ಅದೇ ಮೆಶ್ (ಕಾಲುವೆಯನ್ನ ಸಣ್ಣ ಸಣ್ಣ ಸೆಲ್‌ಗಳಾಗಿ ಹೆಚ್ಚಿದ ಜಾಲ) ಮೇಲೆ ಕೆ-ಒಮೆಗಾ ಎಸ್‌ಎಸ್‌ಟಿ ಅನ್ನೋ ಇನ್ನೊಂದು ಮಾಡೆಲ್. ಎರಡೂ ಕನ್ವರ್ಜ್ ಆದ್ವು. ಎರಡರಲ್ಲೂ 12225 ಸೆಲ್. ಫಲಿತಾಂಶವನ್ನ ಚಿತ್ರವಾಗಿ ತೋರಿಸೋ ಪ್ಯಾರಾವ್ಯೂನಲ್ಲಿ ಎರಡನ್ನೂ ತೆರೆದು, ಎಕ್ಸ್‌ಟ್ರಾಕ್ಟ್ ಬ್ಲಾಕ್ ಹಾಕಿ ಒಳಗಿನ ಮೆಶ್ ಮಾತ್ರ ಉಳಿಸಿಕೊಂಡು, ಪೈಥಾನ್ ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದರ ವೇಗದಿಂದ ಇನ್ನೊಂದರ ವೇಗ ಕಳೆದೆ. ಮೊದಲು ಪಾಯಿಂಟ್ ಡೇಟಾದಲ್ಲಿ (ಸೆಲ್‌ಗಳ ಮೂಲೆಯ ಬೆಲೆಗಳು) ಮಾಡಿದಾಗ ಅರೇ, ಅಂದ್ರೆ ಅಂಕಿಗಳ ಪಟ್ಟಿಯ ಉದ್ದ ಹೊಂದಲ್ಲ ಅಂತ ಎರರ್ ಬಂತು. ಸೆಲ್‌ಗೊಂದೇ ಬೆಲೆ ಇರೋ ಸೆಲ್ ಡೇಟಾಗೆ ಬದಲಾಯಿಸಿದೆ, ಎರರ್ ಹೋಯ್ತು.

ಬಂದ ಚಿತ್ರ ಮಾತ್ರ ನಮ್ಮಜ್ಜಿ ಹೊಲಿದ ಕೌದಿ. ಒಂದು ತುಂಡು ಕೆಂಪು, ಪಕ್ಕದ್ದು ನೀಲಿ, ನಡುವೆ ಕತ್ತರಿಸಿದ ಹಾಗೆ ನೆಟ್ಟಗಿನ ಅಂಚು. ಇನ್‌ಲೆಟ್ ಪಕ್ಕದಲ್ಲೇ ಸೆಕೆಂಡಿಗೆ 6–7 ಮೀಟರ್ ವ್ಯತ್ಯಾಸ ತೋರಿಸ್ತಿದೆ. ಅಲ್ಲಿ ಎರಡಕ್ಕೂ 10 ಅಂತ ಕೊಟ್ಟಿದ್ದು ನಾನೇ! ಬೇರೆ ಬೇರೆಯಾಗಿ ನೋಡಿದ್ರೆ ಎರಡೂ ಚೆನ್ನಾಗೇ ಇವೆ, ಸುಳಿ ಇರಬೇಕಾದ ಕಡೆಯೇ ಇದೆ. ಟರ್ಬುಲೆನ್ಸ್ ಮಾಡೆಲ್ ಬದಲಾಯಿಸಿದ್ದಕ್ಕೇ ಇಷ್ಟೊಂದು ವ್ಯತ್ಯಾಸ ಬರುತ್ತಾ?

ಕುಡ್ಲದ_ಕಡಲು · ಸೋಮವಾರ ರಾತ್ರಿ 11:20

ಬಣ್ಣದ ರೇಂಜ್ ಎಂತ ಇಟ್ಟಿದ್ದೀರಿ ಅಂತ ಮೊದಲು ಹೇಳಿ ಮಾರಾಯ್ರೆ. ಇಂಥ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಣ್ಣದ್ದೇ ತಕರಾರು.

ಒಂದೇ ಹೆಸರಿನ ಅರೇಗೆ ಪ್ಯಾರಾವ್ಯೂ ಎಲ್ಲ ಕಡೆ ಒಂದೇ ಕಲರ್ ಮ್ಯಾಪ್ ಹಂಚುತ್ತದೆ. ಹಾಗಾಗಿ ಒಂದೇ ಸೆಷನ್‌ನಲ್ಲಿ ಎರಡು ವ್ಯೂ ಪಕ್ಕಪಕ್ಕ ಇಟ್ಟುಕೊಂಡು ಲಿಂಕ್ ಕ್ಯಾಮೆರಾ ಮಾಡಿದರೆ ಹೋಲಿಕೆಗೆ ತೊಂದರೆ ಇಲ್ಲ. ಸೋಮವಾರ ಒಂದು ಸ್ಕ್ರೀನ್‌ಶಾಟ್, ಬುಧವಾರ ಮತ್ತೊಂದು ಸ್ಕ್ರೀನ್‌ಶಾಟ್ ಅಂತ ತೆಗೆದು ಪಿಪಿಟಿಯಲ್ಲಿ ಅಂಟಿಸುತ್ತೀರಲ್ಲ, ಅಲ್ಲಿ ಎಡವಟ್ಟು. ಒಂದರ ಕೆಂಪು 11, ಇನ್ನೊಂದರ ಕೆಂಪು 13. ನೋಡುವವರಿಗೆ ಎರಡೂ ಕೆಂಪೇ.

ವ್ಯತ್ಯಾಸದ ಚಿತ್ರಕ್ಕಂತೂ ರೇಂಜ್ ಸೊನ್ನೆಯ ಎರಡೂ ಕಡೆ ಸಮ ಇರಬೇಕು. ಮೈನಸ್ 2ರಿಂದ ಪ್ಲಸ್ 2 ಅಂತ ಕೈಯಾರೆ ಹಾಕಿ. ತಾನಾಗಿ ಬಿಟ್ಟರೆ ಅದು ಮೈನಸ್ 0.3ರಿಂದ ಪ್ಲಸ್ 4 ಅಂತ ಹಿಡಿದುಕೊಳ್ಳುತ್ತದೆ, ಆಗ ನಡುವಿನ ಬಿಳಿ ಬಣ್ಣ ಸೊನ್ನೆಯಲ್ಲ. ವ್ಯತ್ಯಾಸವೇ ಇಲ್ಲದ ಜಾಗ ನೀಲಿಯಾಗಿ ಕಾಣುತ್ತದೆ. ಕೂಲ್ ಟು ವಾರ್ಮ್ ಮ್ಯಾಪ್ ಉಂಟಲ್ಲ, ಕೆನೆತ್ ಮೊರ್‌ಲ್ಯಾಂಡ್ 2009ರಲ್ಲಿ ಬರೆದದ್ದು, ನಡುವೊಂದು ತಟಸ್ಥ ಬಣ್ಣ ಇಟ್ಟು ಎರಡು ಕಡೆಗೂ ಹರಿಯುವಂಥದ್ದು. ಈ ಕೆಲಸಕ್ಕೆ ಅದೇ ಸರಿ. ಕಾಮನಬಿಲ್ಲಿನ ಮ್ಯಾಪ್ ಮಾತ್ರ ಬೇಡ. ಹಳದಿ ಪಟ್ಟಿ ಬಂದಲ್ಲೆಲ್ಲ ಕಣ್ಣು ಇಲ್ಲದ ಅಂಚು ಹುಡುಕುತ್ತದೆ.

ಕಿರುಸುಳಿ · ಸೋಮವಾರ ರಾತ್ರಿ 11:41

ರೇಂಜ್ ಸಮ ಮಾಡಿದೆ ಸರ್. ಕೌದಿ ಹಾಗೇ ಇದೆ, ಬಣ್ಣ ಮಾತ್ರ ಚಂದ ಆಯ್ತು. ಇನ್‌ಲೆಟ್ ಹತ್ತಿರದ ಒಂದು ಸೆಲ್ ಆರಿಸಿ ಸ್ಪ್ರೆಡ್‌ಶೀಟ್‌ನಲ್ಲಿ ನೋಡಿದೆ. ಅಂಕಿಯೇ ತಪ್ಪಿದೆ, ಬಣ್ಣದ್ದಲ್ಲ.

ಪಂಪು-ಪೈಪು · ಮಂಗಳವಾರ ಬೆಳಿಗ್ಗೆ 7:05

ತಮ್ಮಾ, ನೇರ ಕಳೀಬ್ಯಾಡ. ರೀಸ್ಯಾಂಪಲ್ ವಿತ್ ಡೇಟಾಸೆಟ್ ಅಂತ ಫಿಲ್ಟರ್ ಐತಿ, ಅದನ್ನ ಹಾಕು. ಎರಡು ಇನ್‌ಪುಟ್ ಕೇಳತೈತಿ. ಸೋರ್ಸ್ ಡೇಟಾ ಅರೇಸ್ ಅಂದ್ರ ಬೆಲೆ ಎಲ್ಲಿಂದ ತರೂದು, ಡೆಸ್ಟಿನೇಶನ್ ಮೆಶ್ ಅಂದ್ರ ಯಾವ ಮೆಶ್ ಮ್ಯಾಲ ಕೂಡಸೂದು. ಹಳೇ ವರ್ಷನ್‌ನ್ಯಾಗ ಇವೆರಡರ ಹೆಸರು ಭಾಳ ಗೊಂದಲ ಇತ್ತು, ನಾವು ಪ್ರತಿ ಸಲಾನೂ ಉಲ್ಟಾನ ಹಾಕತಿದ್ವಿ.

ಹಾಕೂಕಿಂತ ಮುಂಚೆ ಒಂದು ಕೆಲಸ ಮಾಡು. ಎರಡರಾಗೂ ವೇಗದ ಹೆಸರು ಒಂದೇ ಇರತೈತಿ, ಅದಕ್ಕ ಕ್ಯಾಲ್ಕ್ಯುಲೇಟರ್ ಹಾಕಿ ಒಂದಕ್ಕ ಬ್ಯಾರೆ ಹೆಸರು ಕೊಡು. ಇಲ್ಲಂದ್ರ ಯಾರದು ಯಾರ ಮ್ಯಾಲ ಬಂತು ಅನ್ನೂದ ತಿಳಿಯೂದಿಲ್ಲ.

ಆಮ್ಯಾಲ ವಿಟಿಕೆ ವ್ಯಾಲಿಡ್ ಪಾಯಿಂಟ್ ಮಾಸ್ಕ್ ಅಂತ ಒಂದು ಅರೇ ತಾನ ಹುಟ್ಟತೈತಿ. ಅದು 0 ಇದ್ದಲ್ಲಿ ಬೆಲೆ ಸಿಕ್ಕಿಲ್ಲಂತ ಅರ್ಥ, ಖರೇ ಸೊನ್ನಿ ಅಲ್ಲ. ನಮ್ಮ ಪಂಪಿನ ಇಂಪೆಲ್ಲರ್‌ದಾಗ ಇದರಿಂದನ ಒಂದು ವಾರ ಹೋತು. ಬಾಗಿದ ಬ್ಲೇಡು. ಒರಟು ಮೆಶ್‌ನ ಗೋಡಿ ಒಂದು ಕಡೆ, ಸಣ್ಣ ಮೆಶ್‌ನ ಗೋಡಿ ಕೂದಲೆಳಿಯಷ್ಟು ಆಚೆ. ಆ ಸಂದಿನೊಳಗಿನ ಪಾಯಿಂಟ್ ಎಲ್ಲಾ ಮೆಶ್‌ನ ಹೊರಗ ಬಿದ್ದು ಸೊನ್ನಿ ಆದ್ವು. ವೇಗ ನೋಡಿದ್ರ ಗೊತ್ತ ಆಗೂದಿಲ್ಲ, ಯಾಕಂದ್ರ ಗೋಡಿ ಮ್ಯಾಲ ವೇಗ ಹೆಂಗೂ ಸೊನ್ನೀನ. ಒತ್ತಡ ಹಾಕಿದಾಗ ಬ್ಲೇಡಿನ ಸುತ್ತ ಕೆಂಪ ತೊಗಲು ಹೊದಿಸಿದಂಗ ಕಂಡ್ತು. ಥ್ರೆಶೋಲ್ಡ್ ಹಾಕಿ ಮಾಸ್ಕ್ 1 ಇದ್ದದ್ದಷ್ಟನ್ನ ಉಳಿಸ್ಕೊ.

ಕಿರುಸುಳಿ · ಮಂಗಳವಾರ ಬೆಳಿಗ್ಗೆ 9:30

ಅಣ್ಣಾ, ನೀವು ದೇವರು! ರೀಸ್ಯಾಂಪಲ್ ಹಾಕಿದ ತಕ್ಷಣ ಕೌದಿ ಮಾಯ. ಇನ್‌ಲೆಟ್‌ನಲ್ಲಿ ಸೊನ್ನೆ ಬಂತು. ಮೆಟ್ಟಿಲ ಹಿಂದೆ ಮಾತ್ರ ವ್ಯತ್ಯಾಸ ಇದೆ. ಪ್ರಾಬ್ಲಂ ಸಾಲ್ವ್ಡ್, ಎಲ್ಲರಿಗೂ ಥ್ಯಾಂಕ್ಸ್.

ಹಳೇ_ಕೋಡು · ಮಂಗಳವಾರ ಬೆಳಿಗ್ಗೆ 10:12

ಸ್ವಲ್ಪ ತಡಿಯಪ್ಪ. ಜ್ವರ ಇಳಿದಿದೆ, ಯಾವ ಜ್ವರ ಅಂತ ಯಾರೂ ಹೇಳಲಿಲ್ಲ.

ನೀನೇ ಬರೆದಿದ್ದೀಯ: ಅದೇ ಮೆಶ್, ಎರಡರಲ್ಲೂ 12225 ಸೆಲ್. ಮೆಶ್ ಒಂದೇ ಆಗಿದ್ದರೆ ರೀಸ್ಯಾಂಪಲ್ ಬೇಕಾಗಿಯೇ ಇಲ್ಲ. ನೇರವಾಗಿ ಕಳೆದರೆ ಸರಿಯಾಗಿ ಬರಬೇಕು, ಅದೇ ಹೆಚ್ಚು ಶುದ್ಧ ಕೂಡ, ಇಂಟರ್‌ಪೊಲೇಷನ್‌ನ ಕಲಬೆರಕೆ ಇರುವುದಿಲ್ಲ. ಬರಲಿಲ್ಲ ಅಂದಮೇಲೆ ಆ ಎರಡು ಮೆಶ್ ಒಂದೇ ಅಲ್ಲ.

ಸುಳಿವು ನಿನ್ನ ಮೊದಲ ಪೋಸ್ಟಿನಲ್ಲೇ ಇದೆ. ಪಾಯಿಂಟ್ ಡೇಟಾ ಕಳೆಯುವಾಗ ಉದ್ದ ಹೊಂದುವುದಿಲ್ಲ ಅಂತ ಎರರ್ ಬಂತು ಅಂದೆ. ಅದನ್ನು ಓದದೆ ಸೆಲ್ ಡೇಟಾಗೆ ಹಾರಿದೆ. ಸೆಲ್ ಎರಡರಲ್ಲೂ ಅಷ್ಟೇ, ಪಾಯಿಂಟ್ ಮಾತ್ರ ಬೇರೆ. ಹೀಗಾಗುವುದು ಯಾವಾಗ? ಒಂದು ಕೇಸಿನ ಮೆಶ್ ತುಂಡು ಮಾಡಿ, ಒಂದೊಂದು ಕೋರ್‌ಗೆ ಒಂದೊಂದು ತುಂಡು ಕೊಟ್ಟು ಓಡಿಸಿದಾಗ. ತುಂಡುಗಳು ಸೇರುವ ಗಡಿಯಲ್ಲಿ ಪಾಯಿಂಟುಗಳು ಎರಡೆರಡು ಸಲ ಎಣಿಕೆಗೆ ಬರುತ್ತವೆ, ಸೆಲ್ ಒಂದೇ ಸಲ.

ಎಸ್‌ಎಸ್‌ಟಿ ಕೇಸನ್ನು ಎಷ್ಟು ಕೋರ್‌ನಲ್ಲಿ ಓಡಿಸಿದೆ?

ಕಿರುಸುಳಿ · ಮಂಗಳವಾರ ಬೆಳಿಗ್ಗೆ 10:31

ಸರ್… ನಾಲ್ಕು. ಕೆ-ಎಪ್ಸಿಲಾನ್ ನನ್ನ ಲ್ಯಾಪ್‌ಟಾಪ್‌ನಲ್ಲಿ, ಎಸ್‌ಎಸ್‌ಟಿ ಲ್ಯಾಬ್ ಮಷೀನ್‌ನಲ್ಲಿ. ಪ್ರೊಸೆಸರ್ ಫೋಲ್ಡರ್‌ಗಳನ್ನ ಪೆನ್‌ಡ್ರೈವ್‌ನಲ್ಲಿ ತಂದು ತೆರೆದಾಗ ಟೈಮ್ ಸ್ಟೆಪ್ಪೇ ಕಾಣಲಿಲ್ಲ. ಯಾರೋ ಹೇಳಿದ್ರು ಅಂತ ಕೇಸ್ ಟೈಪ್‌ನ ಡೀಕಂಪೋಸ್ಡ್ ಅಂತ ಬದಲಾಯಿಸಿದೆ, ಬಂತು. ತುಂಡುಗಳನ್ನ ಮತ್ತೆ ಒಂದು ಮಾಡೋ ರೀಕನ್‌ಸ್ಟ್ರಕ್ಟ್ ಮಾಡಲಿಲ್ಲ.

ಹಳೇ_ಕೋಡು · ಮಂಗಳವಾರ ಬೆಳಿಗ್ಗೆ 11:04

ಅಲ್ಲಿಗೆ ಕಥೆ ಮುಗೀತು.

ಪೈಥಾನ್ ಕ್ಯಾಲ್ಕ್ಯುಲೇಟರ್‌ಗೆ ಜಾಗ ಗೊತ್ತಿಲ್ಲ, ಸಾಲು ಮಾತ್ರ ಗೊತ್ತು. ಒಂದನೇ ಪಟ್ಟಿಯ 500ನೇ ಸಂಖ್ಯೆಯಿಂದ ಎರಡನೇ ಪಟ್ಟಿಯ 500ನೇ ಸಂಖ್ಯೆ ಕಳೆಯುತ್ತದೆ. ಲ್ಯಾಪ್‌ಟಾಪಿನ ಕೇಸಿನಲ್ಲಿ ಸೆಲ್‌ಗಳು ಮೆಶ್ ಕಟ್ಟುವ ಬ್ಲಾಕ್‌ಮೆಶ್ ಕೊಟ್ಟ ಕ್ರಮದಲ್ಲಿವೆ. ತುಂಡಾದ ಕೇಸಿನಲ್ಲಿ ಮೊದಲು ಸೊನ್ನೆ ನಂಬರ್ ಪ್ರೊಸೆಸರ್‌ನ ಸೆಲ್‌ಗಳು, ಆಮೇಲೆ ಒಂದನೆಯದರವು, ಹೀಗೆ. ಒಟ್ಟು ಅಷ್ಟೇ, ಸಾಲು ಬೇರೆ. ಇನ್‌ಲೆಟ್‌ನ ವೇಗದಿಂದ ಔಟ್‌ಲೆಟ್ ಹತ್ತಿರದ್ದೆಲ್ಲಿಯದೋ ವೇಗ ಕಳೆದು ಕೂತಿದ್ದೀಯ. ನಿನ್ನ ಕೌದಿಯ ನೆಟ್ಟಗಿನ ಅಂಚುಗಳು ಆ ತುಂಡುಗಳ ಗುರುತು. ರೀಸ್ಯಾಂಪಲ್ ಜಾಗ ನೋಡಿ ಹುಡುಕುತ್ತದೆ, ಆದ್ದರಿಂದ ಸಾಲಿನ ತಪ್ಪು ಅದರಲ್ಲಿ ಮುಚ್ಚಿಹೋಯಿತು.

ಎರರ್ ಬಂದದ್ದು ನಿನ್ನ ಪುಣ್ಯ. ಎರರ್ ಬರದೆ ಬಂದ ಉತ್ತರಕ್ಕೆ ನಾನು ಹೆದರುತ್ತೇನೆ. ನಿನ್ನದು ಕೌದಿಯಾಗಿ ಬಂತು, ಕಣ್ಣಿಗೆ ಬಿತ್ತು. ವೇಗ ಎಲ್ಲ ಕಡೆ ಸುಮಾರು ಒಂದೇ ಇರುವ ಕೇಸಾಗಿದ್ದರೆ ಸಣ್ಣ ಸಣ್ಣ ವ್ಯತ್ಯಾಸ ಕಾಣಿಸಿ, ಅದಕ್ಕೊಂದು ಭೌತಶಾಸ್ತ್ರದ ವಿವರಣೆಯನ್ನೂ ನೀನು ಥೀಸಿಸ್‌ನಲ್ಲಿ ಬರೆದಿರುತ್ತಿದ್ದೆ.

ಈಗ ಇದನ್ನು ಮಾಡು. ಎರಡೂ ಕೇಸಿನಲ್ಲಿ ಪೋಸ್ಟ್‌ಪ್ರೊಸೆಸ್ ಕಮಾಂಡಿಗೆ ರೈಟ್‌ಸೆಲ್‌ಸೆಂಟರ್ಸ್ ಫಂಕ್ಷನ್ ಕೊಟ್ಟು ಓಡಿಸು, ತುಂಡಾದ ಕೇಸಿಗೆ ಪ್ಯಾರಲಲ್‌ನಲ್ಲೇ ಓಡಿಸು. ಪ್ರತಿ ಸೆಲ್‌ನ ಕೇಂದ್ರಬಿಂದು ಒಂದು ಫೀಲ್ಡ್ ಆಗಿ ಬರುತ್ತದೆ. ವೇಗವನ್ನು ಹೇಗೆ ಕಳೆದೆಯೋ ಹಾಗೆಯೇ, ಅದೇ ಪೈಪ್‌ಲೈನ್‌ನಲ್ಲಿ, ಕೇಂದ್ರಬಿಂದುಗಳನ್ನು ಕಳೆ. ಎಲ್ಲ ಕಡೆ ಸೊನ್ನೆ ಬರಬೇಕು. ಬರದಿದ್ದರೆ ವೇಗದ ವ್ಯತ್ಯಾಸದ ಮಾತೇ ಎತ್ತಬೇಡ.

ಆಮೇಲೆ ರೀಕನ್‌ಸ್ಟ್ರಕ್ಟ್‌ಪಾರ್ ಓಡಿಸಿ, ಕೇಸ್ ಟೈಪ್ ಹಿಂದಿನಂತೆ ಮಾಡಿ, ಮತ್ತೆ ಅದೇ ಪರೀಕ್ಷೆ.

ಪಂಪು-ಪೈಪು · ಮಂಗಳವಾರ ಬೆಳಿಗ್ಗೆ 11:20

ಸರ್, ತಪ್ಪಾತು. ನಾ ಔಷಧ ಕೊಟ್ಟೆ, ನಾಡಿ ಹಿಡೀಲಿಲ್ಲ.

ಕಿರುಸುಳಿ · ಮಂಗಳವಾರ ಮಧ್ಯಾಹ್ನ 3:48

ಮಾಡಿದೆ. ರೀಕನ್‌ಸ್ಟ್ರಕ್ಟ್‌ಗೆ ಮುಂಚೆ ಕೇಂದ್ರಬಿಂದುಗಳ ವ್ಯತ್ಯಾಸ 0.2 ಮೀಟರ್ ದಾಟಿತ್ತು. ಕಾಲುವೆಯ ಒಟ್ಟು ಉದ್ದವೇ 0.31 ಮೀಟರ್! ಅದೂ ಅದೇ ಕೌದಿ, ಅದೇ ಅಂಚುಗಳು. ನೋಡಿ ನಗು ಬಂತು.

ರೀಕನ್‌ಸ್ಟ್ರಕ್ಟ್ ಆದ ಮೇಲೆ ಪೂರ್ತಿ ಸೊನ್ನೆ. ನೇರವಾಗಿ ಕಳೆದೆ, ಸೆಲ್ ಡೇಟಾದಲ್ಲೇ. ಪಾಯಿಂಟ್ ಡೇಟಾ ಕೂಡ ಈಗ ಎರರ್ ಇಲ್ಲದೆ ಬರ್ತಿದೆ.

ಈಗ ಉಳಿದದ್ದು ಇಷ್ಟು: ಮೆಟ್ಟಿಲ ತುದಿಯಿಂದ ಶುರುವಾಗಿ ನಿಧಾನಕ್ಕೆ ಕೆಳಗೆ ಬಾಗೋ ಒಂದು ಉದ್ದ ನೀಲಿ ಪಟ್ಟಿ, ಅದರ ಮೇಲ್ಗಡೆ ತೆಳುವಾದ ಕೆಂಪು. ನಾನು ಎಸ್‌ಎಸ್‌ಟಿಯಿಂದ ಕೆ-ಎಪ್ಸಿಲಾನ್ ಕಳೆದಿದ್ದು. ಅಂದ್ರೆ ಆ ಪಟ್ಟಿಯಲ್ಲಿ ಎಸ್‌ಎಸ್‌ಟಿ ವೇಗ ಕಮ್ಮಿ ಹೇಳ್ತಿದೆ ಅಂತ ಬರೆದರೆ ಸರೀನಾ?

ಮಳೆಲೆಕ್ಕ · ಮಂಗಳವಾರ ಸಂಜೆ 6:15

ನನ್ನದು ಹವಾಮಾನದ ಮಾಡೆಲ್, ನಿಮ್ಮ ಮೆಟ್ಟಿಲಿಗೂ ನನಗೂ ಸಂಬಂಧ ಇಲ್ಲ. ಆದರೆ ಈ ನೀಲಿ-ಕೆಂಪು ಜೋಡಿ ಪಟ್ಟಿ ನನ್ನ ದಿನನಿತ್ಯದ ತಲೆನೋವು, ಅದಕ್ಕೇ ಬರೆಯುತ್ತಿದ್ದೇನೆ.

ಆಗುಂಬೆಯ ಮೇಲೆ ಸುರಿಯಬೇಕಾದ ಮಳೆಯನ್ನು ಮಾಡೆಲ್ ಕೆಳಗಿನ ಹೆಬ್ರಿಯ ಮೇಲೆ ಸುರಿಸಿತು ಅಂದುಕೊಳ್ಳಿ. ಮಳೆಯ ಪ್ರಮಾಣ ಸರಿ, ಹೊತ್ತು ಸರಿ, ಜಾಗ ಮಾತ್ರ ಘಟ್ಟದ ಒಂದು ಇಳಿಜಾರಿನಷ್ಟು ಆಚೆ. ಬಿಂದುಬಿಂದುವಿಗೆ ಕಳೆದರೆ ಏನಾಗುತ್ತದೆ? ಆಗುಂಬೆಯಲ್ಲಿ ದೊಡ್ಡ ಕೊರತೆ, ಹೆಬ್ರಿಯಲ್ಲಿ ದೊಡ್ಡ ಹೆಚ್ಚಳ. ಒಂದೇ ತಪ್ಪಿಗೆ ಎರಡು ಸಲ ದಂಡ. ಮಳೆಯೇ ಬರುವುದಿಲ್ಲ ಎಂದ ಮಾಡೆಲ್‌ಗೆ ಒಂದೇ ದಂಡ! ಲೆಕ್ಕದ ಪ್ರಕಾರ ಅದೇ ಜಾಣ. ನಮ್ಮ ಕ್ಷೇತ್ರದಲ್ಲಿ ಇದನ್ನು ಡಬಲ್ ಪೆನಾಲ್ಟಿ ಎಂದೇ ಕರೆಯುತ್ತಾರೆ. ಇದಕ್ಕಾಗಿಯೇ ಬಿಂದುವಿನ ಬದಲು ನೆರೆಹೊರೆಯ ಪ್ರದೇಶವನ್ನು ಹೋಲಿಸುವ ಅಳತೆಗಳು ಬಂದವು. ರಾಬರ್ಟ್ಸ್ ಮತ್ತು ಲೀನ್ 2008ರಲ್ಲಿ ಕೊಟ್ಟ ಫ್ರ್ಯಾಕ್ಷನ್ಸ್ ಸ್ಕಿಲ್ ಸ್ಕೋರ್ ಅಂಥದ್ದು.

ನಿಮ್ಮ ಪಟ್ಟಿಯೂ ಇದೇ ಜಾತಿ ಇರಬಹುದೇ ನೋಡಿ. ವೇಗ ಥಟ್ಟನೆ ಬದಲಾಗುವ ಒಂದು ಪದರ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿದರೂ ವ್ಯತ್ಯಾಸದ ಚಿತ್ರದಲ್ಲಿ ಅದು ಭಾರಿ ಅಂಕಿಯಾಗಿ ಕಾಣುತ್ತದೆ. ವೇಗ ಕಮ್ಮಿಯಾದದ್ದು ಬೇರೆ, ಪದರ ಜಾಗ ಬಿಟ್ಟದ್ದು ಬೇರೆ.

ಇನ್ನೊಂದು. ಬೇರೆ ಬೇರೆ ಗ್ರಿಡ್‌ನ ಎರಡು ಮಾಡೆಲ್‌ಗಳ ಉಷ್ಣಾಂಶವನ್ನು ನಮ್ಮಲ್ಲಿ ಹೊಸಬರು ಕಳೆದು ತಂದಾಗ ನನಗೆ ಸಿಗುವುದು ಪಶ್ಚಿಮಘಟ್ಟದ ನಕಾಶೆ. ಒರಟು ಗ್ರಿಡ್‌ನಲ್ಲಿ ಬೆಟ್ಟ ತಗ್ಗಾಗಿರುತ್ತದೆ, ಸಣ್ಣ ಗ್ರಿಡ್‌ನಲ್ಲಿ ಎತ್ತರ. ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಇಳಿಯುವುದರಿಂದ ಎತ್ತರದ ವ್ಯತ್ಯಾಸವೇ ಉಷ್ಣಾಂಶದ ವ್ಯತ್ಯಾಸವಾಗಿ ಕೂತಿರುತ್ತದೆ. ಅದಕ್ಕೆ ಮಾಡೆಲ್‌ನ ಗುಣದೋಷ ಅಂತ ಶೀರ್ಷಿಕೆ ಕೊಟ್ಟಿರುತ್ತಾರೆ.

ಕಿರುಸುಳಿ · ಮಂಗಳವಾರ ಸಂಜೆ 7:50

ಮೇಡಂ, ನೀವು ಹೇಳಿದ್ದೇ ನಿಜ. ಮೆಟ್ಟಿಲ ಹಿಂದೆ ಆರು ಕಡೆ ಪ್ಲಾಟ್ ಓವರ್ ಲೈನ್ ಹಾಕಿ ಎರಡರ ಗ್ರಾಫ್ ಒಟ್ಟಿಗೆ ಇಟ್ಟೆ. ಗ್ರಾಫಿನ ಆಕಾರ ಒಂದೇ, ಎಸ್‌ಎಸ್‌ಟಿಯದು ಒಂಚೂರು ಮೇಲಕ್ಕೆ ಸರಿದಿದೆ ಅಷ್ಟೇ. ಸುಳಿ ಉದ್ದ ಆಗಿದೆ, ಹಾಗಾಗಿ ಪದರ ಕೆಳಗಿಳಿಯೋದು ತಡ. ಕೆಳಗಿನ ಗೋಡೆಯಲ್ಲಿ ವಾಲ್ ಶಿಯರ್ ಸ್ಟ್ರೆಸ್ (ಹರಿವು ಗೋಡೆಯನ್ನ ಉಜ್ಜೋ ಬಲ) ಚಿಹ್ನೆ ಬದಲಾಯಿಸೋ ಜಾಗ, ಅಂದ್ರೆ ಹರಿವು ಮತ್ತೆ ನೆಲಕ್ಕೆ ಅಂಟೋ ಜಾಗ ನೋಡಿದೆ, ಅದೂ ಎಸ್‌ಎಸ್‌ಟಿಯಲ್ಲಿ ಇನ್ನೂ ಮುಂದೆ ಇದೆ.

ಮಳೆಲೆಕ್ಕ · ಮಂಗಳವಾರ ಸಂಜೆ 7:58

ಅಕ್ಕ ಅಂದರೆ ಸಾಕು. ಆ ಗೋಡೆಯ ಜಾಗ ಇದೆಯಲ್ಲ, ಅದನ್ನೇ ಮೊದಲ ಚಿತ್ರ ಮಾಡಿ. ವ್ಯತ್ಯಾಸದ ನಕ್ಷೆ ಅದರ ಹಿಂದೆ ಬರಲಿ.

ಪಂಪು-ಪೈಪು · ಮಂಗಳವಾರ ರಾತ್ರಿ 9:10

ಒತ್ತಡದ ಸುದ್ದಿ ಯಾರೂ ತಗೀಲಿಲ್ಲ, ನಾ ತಗೀತೀನಿ. ಇದು ನನ್ನ ಸ್ವಂತ ಮಾನಭಂಗದ ಕಥಿ.

ಒಂದು ಪೈಪಿನ ಬೆಂಡು, ಒಳಗ ನೀರು. ಓಪನ್‌ಫೋಮ್‌ನ್ಯಾಗ ಮಾಡಿದ್ದನ್ನ ರೊಕ್ಕಾ ಕೊಟ್ಟು ತಂದ ಬ್ಯಾರೆ ಸಾಫ್ಟ್‌ವೇರ್‌ದ ಫಲಿತಾಂಶದ ಜೋಡಿ ಹೋಲಿಸಿ ಸಾಹೇಬ್ರಿಗೆ ತೋರಿಸಿದೆ. ಅವ್ರದು 4200, ನಮ್ಮದು 4.2. ಮೀಟಿಂಗಿನ್ಯಾಗ ಎಲ್ಲಾರೂ ಸುಮ್ಮನ ಕುಂತಾರ. ಸಿಂಪಲ್‌ಫೋಮ್‌ನಂಥ ಇನ್‌ಕಂಪ್ರೆಸಿಬಲ್ (ಸಾಂದ್ರತೆ ಬದಲಾಗೂದಿಲ್ಲ ಅಂತ ಹಿಡಿಯೂ) ಸಾಲ್ವರ್ ಒತ್ತಡ ಅಂತ ಬರೆಯೂದು ಖರೇ ಒತ್ತಡ ಅಲ್ಲ, ಸಾಂದ್ರತೆಯಿಂದ ಭಾಗಿಸಿದ್ದು. ಅದರ ಯೂನಿಟ್ ಪ್ಯಾಸ್ಕಲ್ ಅಲ್ಲ, ಮೀಟರ್ ವರ್ಗ ಭಾಗಿಸು ಸೆಕೆಂಡ್ ವರ್ಗ. ನೀರಿಗೆ ಸಾವಿರ ಪಟ್ಟು ಫರಕು, ಅದಕ್ಕ ಕಣ್ಣಿಗೆ ಹೊಡೀತು. ತಮ್ಮಾ, ನಿನ್ನದು ಗಾಳಿ. 1.2 ಪಟ್ಟು ಅಷ್ಟ. "ಹಾ, ಇಪ್ಪತ್ತು ಪರ್ಸೆಂಟ್ ವ್ಯತ್ಯಾಸ, ಮಾಡೆಲ್‌ದು ಇರಬೇಕು" ಅಂತ ನೀ ನಂಬಿಬಿಡತಿ. ಬ್ಯಾರೆ ಸಾಫ್ಟ್‌ವೇರ್ ಜೋಡಿ ಹೋಲಿಸೂ ದಿನ ಬಂದ್ರ ಕ್ಯಾಲ್ಕ್ಯುಲೇಟರ್‌ನ್ಯಾಗ ಮೊದಲ ಸಾಂದ್ರತೆಯಿಂದ ಗುಣಿಸು.

ಅದರ ಮ್ಯಾಲ ಇನ್‌ಕಂಪ್ರೆಸಿಬಲ್ ಹರಿವಿನ್ಯಾಗ ಒತ್ತಡಕ್ಕ ಸ್ವಂತ ನೆಲಾನ ಇಲ್ಲ, ಒಂದು ಕಡೆ ಸೊನ್ನಿ ಅಂತ ನಾವ ಗೂಟಾ ಹೊಡೀತೀವಿ. ಎರಡು ಕೇಸಿನ ಗೂಟಾ ಬ್ಯಾರೆ ಬ್ಯಾರೆ ಕಡೆ ಇದ್ರ ಇಡೀ ಚಿತ್ರ ಒಂದೇ ಬಣ್ಣ ಬರತೈತಿ. ಪಿಟ್ಜ್‌ಡೈಲಿಯೊಳಗ ಔಟ್‌ಲೆಟ್ ಸೊನ್ನಿ ಐತಿ, ನಿನಗ ಚಿಂತಿಲ್ಲ.

ನೆಕ್ಕರ್_ದಂಡೆ · ಬುಧವಾರ ಬೆಳಿಗ್ಗೆ 1:35

ಇಲ್ಲಿ ಇನ್ನೂ ರಾತ್ರಿ. ಜರ್ಮನಿಯಿಂದ ಒಂದು ಮಾತು ಸೇರಿಸ್ತೀನಿ, ಕಾಲದ ಬಗ್ಗೆ.

ಸ್ಟೆಡಿ, ಅಂದ್ರೆ ಕಾಲಕ್ಕೆ ಬದಲಾಗದ ಕೇಸಿನಲ್ಲಿ ಪ್ಯಾರಾವ್ಯೂ ತೋರಿಸೋ ಟೈಮ್ ಅನ್ನೋದು ಟೈಮೇ ಅಲ್ಲ, ಇಟರೇಷನ್ ಸಂಖ್ಯೆ. ಒಂದು 280ರ ಆಸುಪಾಸು ನಿಂತಿರುತ್ತೆ, ಇನ್ನೊಂದು 400ರವರೆಗೆ ಹೋಗಿರುತ್ತೆ. ಸ್ಲೈಡರ್ ನಡುವೆ ಎಲ್ಲೋ ಇದ್ದರೆ, ಮುಗಿದ ಒಂದನ್ನ ಅರ್ಧಂಬರ್ಧ ಬೆಂದ ಇನ್ನೊಂದರ ಜೊತೆ ಹೋಲಿಸ್ತಾ ಇರ್ತೀರಿ. ಕೊನೇ ಹೆಜ್ಜೆಗೆ ಎಳೆದುಕೊಳ್ಳಿ, ಇಲ್ಲಾ ಫೋರ್ಸ್ ಟೈಮ್ ಫಿಲ್ಟರ್ ಹಾಕಿ ಎರಡನ್ನೂ ಅವುಗಳ ಕೊನೆಯಲ್ಲಿ ಗೂಟಕ್ಕೆ ಕಟ್ಟಿ.

ಟ್ರಾನ್ಸಿಯೆಂಟ್, ಅಂದ್ರೆ ಕಾಲಕ್ಕೆ ಬದಲಾಗೋ ಕೇಸಾದ್ರೆ ಇನ್ನೂ ಮಜಾ. ಸಿಲಿಂಡರ್ ಹಿಂದೆ ರೆನಾಲ್ಡ್ಸ್ ಸಂಖ್ಯೆ 100ರಲ್ಲಿ ಸುಳಿಗಳು ಒಂದಾದ ಮೇಲೊಂದು ಮೇಲೆ-ಕೆಳಗೆ ಕಳಚಿಕೊಳ್ತಾವೆ. ಒಂದೇ ಕೇಸನ್ನ ಎರಡು ಸಲ ಓಡಿಸಿ, ಶುರುವಿನ ಸ್ಥಿತಿ ಚೂರು ಬೇರೆ ಕೊಟ್ಟು, ಒಂದೇ ಸೆಕೆಂಡಿನ ಎರಡು ಚಿತ್ರ ಕಳೆದು ನೋಡಿ. ಒಂದರಲ್ಲಿ ಸುಳಿ ಮೇಲಿದ್ದಾಗ ಇನ್ನೊಂದರಲ್ಲಿ ಕೆಳಗಿರುತ್ತೆ, ವ್ಯತ್ಯಾಸ ಆಕಾಶಕ್ಕೇರುತ್ತೆ. ಎರಡೂ ಸರಿಯಾದ ಉತ್ತರವೇ! ಅಲ್ಲಿ ಸರಾಸರಿ ವೇಗ, ಸುಳಿ ಎಷ್ಟು ಬೇಗ ಬೇಗ ಕಳಚುತ್ತೆ ಅಂತ ಹೇಳೋ ಸ್ಟ್ರೌಹಾಲ್ ಸಂಖ್ಯೆ (ಅದಕ್ಕೆ 0.16–0.17 ಬರಬೇಕು), ಡ್ರ್ಯಾಗ್, ಇಂಥವನ್ನ ಹೋಲಿಸಬೇಕು. ಮಳೆಲೆಕ್ಕ ಅಕ್ಕ ಜಾಗದ ಬಗ್ಗೆ ಹೇಳಿದ್ದೇ ಇಲ್ಲಿ ಕಾಲದಲ್ಲಿ ಆಗುತ್ತೆ.

ಕಿರುಸುಳಿ · ಬುಧವಾರ ಬೆಳಿಗ್ಗೆ 8:20

ಹೌದು, ಕೆ-ಎಪ್ಸಿಲಾನ್ 280ರ ಹತ್ತಿರವೇ ನಿಂತಿತ್ತು! ಹೇಗೆ ಗೊತ್ತಾಯ್ತು?

ಕೊನೇ ಪ್ರಶ್ನೆ. ಗೈಡ್ ಒಂದು ಅಂಕಿ ಕೇಳ್ತಾರೆ, ಒಟ್ಟು ಎಷ್ಟು ವ್ಯತ್ಯಾಸ ಅಂತ. ಸ್ಪ್ರೆಡ್‌ಶೀಟ್‌ನಿಂದ 12225 ಸಾಲು ಎಕ್ಸೆಲ್‌ಗೆ ತಗೊಂಡು ಸರಾಸರಿ ತೆಗೆದರೆ ಆಗುತ್ತಾ?

ನೆಕ್ಕರ್_ದಂಡೆ · ಬುಧವಾರ ಬೆಳಿಗ್ಗೆ 11:02

ಆ ಟ್ಯುಟೋರಿಯಲ್ ಮಾಡದೇ ಇರೋ ಫೋಮ್‌ನೋರು ಯಾರಿದ್ದಾರೆ. ಎಲ್ಲರದೂ ಅಲ್ಲೇ ನಿಲ್ಲೋದು.

ಹಳೇ_ಕೋಡು · ಬುಧವಾರ ಮಧ್ಯಾಹ್ನ 12:40

ಎಕ್ಸೆಲ್ ಸರಾಸರಿ ಬೇಡ. ಗೋಡೆ ಹತ್ತಿರ ಸೆಲ್ ಚಿಕ್ಕವು, ಹಾಗಾಗಿ ಸಂಖ್ಯೆಯಲ್ಲಿ ಜಾಸ್ತಿ. ಔಟ್‌ಲೆಟ್ ಕಡೆ ದೊಡ್ಡವು, ಕಡಿಮೆ. ಸುಮ್ಮನೆ ಸರಾಸರಿ ತೆಗೆದರೆ ಚಿಲ್ಲರೆ ಸೆಲ್‌ಗಳಿಗೆ ಸಾಹುಕಾರನಷ್ಟೇ ಓಟು ಸಿಗುತ್ತದೆ. ಪ್ರಜಾಪ್ರಭುತ್ವಕ್ಕೆ ಅದು ಸರಿ, ಇಂಟಿಗ್ರಲ್‌ಗೆ ಅಲ್ಲ. ವ್ಯತ್ಯಾಸದ ಪ್ರಮಾಣದ ವರ್ಗವನ್ನು ಕ್ಯಾಲ್ಕ್ಯುಲೇಟರ್‌ನಲ್ಲಿ ಮಾಡಿಕೊಂಡು ಇಂಟಿಗ್ರೇಟ್ ವೇರಿಯಬಲ್ಸ್ ಹಾಕು, ಗಾತ್ರದಿಂದ ಭಾಗಿಸುವ ಆಯ್ಕೆ ಅದರಲ್ಲೇ ಇದೆ. ವರ್ಗಮೂಲ ತೆಗೆದು ಒಳಹರಿವಿನ 10ರಿಂದ ಭಾಗಿಸು. ಅದು ನಿನ್ನ ಅಂಕಿ.

ಆದರೆ ಆ ಅಂಕಿ ಒಂಟಿಯಾಗಿ ಏನೂ ಹೇಳುವುದಿಲ್ಲ. ಗೈಡ್ ಜಾಣರಾಗಿದ್ದರೆ ಕೇಳುವ ಮೊದಲ ಪ್ರಶ್ನೆ: ಮೆಶ್ ಬದಲಾಯಿಸಿದರೆ ಎಷ್ಟು ವ್ಯತ್ಯಾಸ ಬರುತ್ತದೆ? ಎರಡೂ ದಿಕ್ಕಿನಲ್ಲಿ ಇಮ್ಮಡಿ ಮಾಡು, 48900 ಸೆಲ್ ಆಗುತ್ತದೆ. ಅದೇ ಕೆ-ಎಪ್ಸಿಲಾನ್ ಅದರ ಮೇಲೆ ಓಡಿಸು. ಒರಟು ಮೆಶ್‌ಗೂ ಸಣ್ಣ ಮೆಶ್‌ಗೂ ಇರುವ ವ್ಯತ್ಯಾಸವೇ ಎರಡು ಮಾಡೆಲ್‌ಗಳ ವ್ಯತ್ಯಾಸದಷ್ಟಿದ್ದರೆ, ಮಾಡೆಲ್ ಬಗ್ಗೆ ನೀನು ಬಾಯಿ ತೆರೆಯುವ ಹಾಗಿಲ್ಲ. ಈಗ ಪಂಪು-ಪೈಪು ಹೇಳಿದ ರೀಸ್ಯಾಂಪಲ್ ನಿಜವಾಗಿ ಬೇಕು, ಮೆಶ್ ಬೇರೆಯಾಯಿತಲ್ಲ. ಅಲ್ಲಿ ಎರಡು ಜೋಪಾನ.

ಆ ಫಿಲ್ಟರ್ ಬಿಂದುವಿನಲ್ಲಿ ಇಣುಕಿ ಬೆಲೆ ಓದುತ್ತದೆ, ಸರಾಸರಿ ಮಾಡುವುದಿಲ್ಲ. ಸಣ್ಣ ಮೆಶ್‌ನಿಂದ ಒರಟಿಗೆ ತಂದರೆ ನಡುವಿನ ಎಷ್ಟೋ ಸೆಲ್‌ಗಳನ್ನು ನೋಡದೆಯೇ ದಾಟಿಹೋಗುತ್ತದೆ. ಒರಟಿನಿಂದ ಸಣ್ಣದಕ್ಕೆ ಸೆಲ್ ಡೇಟಾ ತಂದರೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಓಪನ್‌ಫೋಮ್ ರೀಡರ್ ಸೆಲ್ ಬೆಲೆಗಳನ್ನು ಪಾಯಿಂಟ್‌ಗೆ ಹಂಚಿ ಅದೇ ಹೆಸರಿನಲ್ಲಿ ಇನ್ನೊಂದು ಅರೇ ಮಾಡಿಟ್ಟಿರುತ್ತದೆ, ಅದನ್ನು ತಂದರೆ ಮೆತ್ತಗೆ ಬರುತ್ತದೆ. ಆದರೆ ಹಂಚುವಾಗಲೇ ಗೋಡೆ ಪಕ್ಕದ ಚೂಪು ಸವೆದಿರುತ್ತದೆ. ಯಾವುದನ್ನು ತಂದೆ ಎಂಬುದನ್ನು ಥೀಸಿಸ್‌ನಲ್ಲಿ ಬರೆ. ಇಂಟರ್‌ಪೊಲೇಷನ್ ಎಷ್ಟು ಕಲಬೆರಕೆ ಮಾಡುತ್ತದೆ ಎಂದು ತಿಳಿಯಬೇಕಾದರೆ ಎರಡೂ ಮೆಶ್ ಮೇಲೆ ಕ್ಯಾಲ್ಕ್ಯುಲೇಟರ್‌ನಿಂದ ಎಕ್ಸ್ ನಿರ್ದೇಶಾಂಕದ ವರ್ಗವನ್ನು ಒಂದು ಫೀಲ್ಡಾಗಿ ಬರೆದು, ಅದನ್ನು ಅದೇ ದಾರಿಯಲ್ಲಿ ಕಳೆ. ಉತ್ತರ ಸೊನ್ನೆ ಎಂದು ನಿನಗೆ ಮೊದಲೇ ಗೊತ್ತು. ಬಂದದ್ದೆಲ್ಲ ಫಿಲ್ಟರ್‌ನ ಕೊಡುಗೆ.

ಎರಡನೆಯದು, ವಾಲ್ ಫಂಕ್ಷನ್, ಅಂದರೆ ಗೋಡೆ ಪಕ್ಕದ ಹರಿವನ್ನು ಅಂದಾಜಿಸುವ ಸೂತ್ರ. ಗೋಡೆಯ ಮೊದಲ ಸೆಲ್ ಅರ್ಧವಾದರೆ ಗೋಡೆಯಿಂದ ಅದರ ದೂರ ಹೇಳುವ ಅಳತೆ, ವೈ ಪ್ಲಸ್ ಕೂಡ ಸುಮಾರು ಅರ್ಧ. 30ಕ್ಕಿಂತ ಕೆಳಗೆ ಜಾರಿದರೆ ಆ ಸೂತ್ರದ ಊರುಗೋಲೇ ಮುರಿದಂತೆ. ಆಗ ನೀನು ಮೆಶ್ ಮಾತ್ರವಲ್ಲ, ಭೌತಶಾಸ್ತ್ರವನ್ನೂ ಬದಲಾಯಿಸಿರುತ್ತೀಯ.

ಕುಡ್ಲದ_ಕಡಲು · ಬುಧವಾರ ಮಧ್ಯಾಹ್ನ 1:15

ಸರ್, ಹುಡುಗನಿಗೆ ನಾಳೆ ಪ್ರೆಸೆಂಟೇಶನ್ ಉಂಟು, ಸ್ವಲ್ಪ ಉಸಿರಾಡಲಿಕ್ಕೆ ಬಿಡಿ.

ಕಿರುಸುಳಿ · ಗುರುವಾರ ಸಂಜೆ 5:30

ಮುಗೀತು. ಮೊದಲ ಸ್ಲೈಡ್ ಗೋಡೆಯ ಶಿಯರ್, ಎರಡನೆಯದು ಆರು ಗ್ರಾಫ್, ಮೂರನೆಯದು ವ್ಯತ್ಯಾಸದ ನಕ್ಷೆ. 48900 ಸೆಲ್‌ದು ಬೆಳಗಿನ ಜಾವ ಮೂರಕ್ಕೆ ಮುಗಿಯಿತು. ಮೆಶ್‌ನಿಂದ ಬರೋ ವ್ಯತ್ಯಾಸ ಮಾಡೆಲ್ ವ್ಯತ್ಯಾಸಕ್ಕಿಂತ ಕಡಿಮೆ ಇತ್ತು, ಆದರೆ ನಾನಂದುಕೊಂಡಷ್ಟು ಕಡಿಮೆ ಅಲ್ಲ. ಮೆಟ್ಟಿಲ ಮೂಲೆಯಲ್ಲಿ ಎರಡೂ ಸಮ-ಸಮ. ಆ ಮೂಲೆ ಬಗ್ಗೆ ಏನೂ ಹೇಳಲ್ಲ ಅಂತ ಸ್ಲೈಡ್‌ನಲ್ಲೇ ಬರೆದೆ.

ಗೈಡ್ ಎಲ್ಲ ನೋಡಿ ಕೇಳಿದ್ದು ಒಂದೇ: "ಸರಿ, ಇವೆರಡರಲ್ಲಿ ಯಾವುದು ನಿಜ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಸಿಮ್ಯುಲೇಷನ್ ಕಳೆದರೆ ಅವು ಒಂದಕ್ಕೊಂದು ಎಷ್ಟು ದೂರ ಅಂತ ಗೊತ್ತಾಗುತ್ತೆ, ಅಷ್ಟೇ.

ಹಳೇ_ಕೋಡು · ಗುರುವಾರ ರಾತ್ರಿ 8:05

ಒಳ್ಳೆಯ ಗೈಡು. ಡ್ರೈವರ್ ಮತ್ತು ಸೀಗ್‌ಮಿಲ್ಲರ್ 1985ರ ಪ್ರಯೋಗ ತೆಗೆದುಕೊ. ಅದೂ ಮೆಟ್ಟಿಲೇ, ಕಾಲುವೆಯ ಅಳತೆ ಬೇರೆ, ಹಾಗಾಗಿ ಈ ಮೆಶ್ ಬಳಸಬೇಡ, ಹೊಸದಾಗಿ ಕಟ್ಟು. ಹರಿವು ಮತ್ತೆ ನೆಲಕ್ಕೆ ಅಂಟುವ ಜಾಗ ಮೆಟ್ಟಿಲೆತ್ತರದ 6.26 ಪಟ್ಟು ದೂರ ಅಂತ ಅಳೆದಿದ್ದಾರೆ, 0.10 ಆಚೀಚೆ. ಸ್ಟ್ಯಾಂಡರ್ಡ್ ಕೆ-ಎಪ್ಸಿಲಾನ್ ಅದಕ್ಕಿಂತ ಗಿಡ್ಡ ಸುಳಿ ಕೊಡುತ್ತದೆ, ಇದು ಹಳೆಯ ದೂರು. ಎರಡನ್ನೂ ಓಡಿಸಿ ಆ 6.26ರ ಪಕ್ಕದಲ್ಲಿ ನಿಲ್ಲಿಸು.

ಪಂಪು-ಪೈಪು · ಗುರುವಾರ ರಾತ್ರಿ 8:20

ಎಲ್ಲಾ ಒಂದೇ ಮಷೀನ್‌ನ್ಯಾಗ ಓಡಸು ತಮ್ಮಾ.

ಉದ್ದಿನವಡೆ · ಭಾನುವಾರ ಬೆಳಿಗ್ಗೆ 11:47

ಹೊಸಬ. ಇಡೀ ಚರ್ಚೆ ಓದಿದೆ, ನನಗೂ ಇದೇ ಕೌದಿ ಬಂದಿದೆ. ಆದರೆ ನಾನು ಎರಡನ್ನೂ ಒಂದೇ ಮಷೀನ್‌ನಲ್ಲಿ, ಒಂದೇ ಕೋರ್‌ನಲ್ಲಿ ಓಡಿಸಿದ್ದು. ತುಂಡು ಮಾಡೇ ಇಲ್ಲ. ಪಾಯಿಂಟ್ ಸಂಖ್ಯೆ ಕೂಡ ಸರಿಯಾಗಿ ಹೊಂದುತ್ತೆ. ಹಾಗಾದ್ರೆ ನನ್ನದು ನಿಜವಾದ ವ್ಯತ್ಯಾಸವೇ ಅಲ್ವಾ?

ಕಿರುಸುಳಿ · ಭಾನುವಾರ ಮಧ್ಯಾಹ್ನ 12:02

ಒಂದರಲ್ಲಿ ಸೆಲ್‌ಗಳ ಸಾಲು ಬದಲಾಯಿಸೋ ರೀನಂಬರ್‌ಮೆಶ್ ಓಡಿಸಿದ್ರಾ?

ಉದ್ದಿನವಡೆ · ಭಾನುವಾರ ಮಧ್ಯಾಹ್ನ 12:19

…ಬೇಗ ಓಡುತ್ತೆ ಅಂತ ಯಾರೋ ಹೇಳಿದ್ರು.